ಒಂದು ತಿಂಗಳು ಗಿರಣಿ ಬಂದ್

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ವಾರಕ್ಕೊಂದು ದಿನ, ಪ್ರತಿ ಗುರುವಾರ, ನವಲಗುಂದದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಲ್ಲಿಯ ರೋಗಿಗಳನ್ನು ನೋಡುವ ಕೆಲಸ ನನಗೆ ಹಚ್ಚಿದ್ದರು. ಸ್ಪೀಚ್ ಥೆರಪಿಸ್ಟ್ ಎಂದರೆ ತೊದಲುವ ಮಕ್ಕಳಿಗೆ ಮಾತು ಕಲಿಸುವವರು ಎಂದು ಬಹಳ ಜನ ತಿಳಿದಿರುತ್ತಾರೆ. ನನ್ನ ಹತ್ತಿರ ಬರುತ್ತಿದ್ದವರಲ್ಲಿ ಹೆಚ್ಚಿನವರು ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ದೊಡ್ಡವರು. ಈ ತೊಂದರೆಗೆ ಅಫೇಸಿಯಾ ಎನ್ನುತ್ತೇವೆ. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತು ಅಲ್ಲಿಯ ಒಂದಿಷ್ಟು ಜಾಗ ಸತ್ತಾಗ ಹೀಗಾಗುತ್ತದೆ. ಬುದ್ಧಿ ಇರುತ್ತದೆ, ನೆನಪು ಇರುತ್ತದೆ, ಎದುರಿನವರು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ಹೇಳಬೇಕಾದ ಶಬ್ದ ಬಾಯಿಗೆ ಬರುವುದಿಲ್ಲ. ಬರೆಯೋಣವೆಂದರೆ ಕೈಗೂ ಬರುವುದಿಲ್ಲ. ಇಂಥ ಎಷ್ಟೋ ಜನರನ್ನು ನೋಡಿದ್ದೇನೆ. ಅವರಲ್ಲಿ ಶಲವಡಿಯ ಗಿರಿಜಾ ಟೀಚರ್ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ.

ಅವರನ್ನು ಮೊದಲು ನೋಡಿದ್ದು ಜೂನ್ ತಿಂಗಳಲ್ಲಿ. ಗಂಡ ಈರಪ್ಪನವರು ತೋಳು ಹಿಡಿದು ಕರೆತಂದಿದ್ದರು. ಐವತ್ತೈದರ ಆಸುಪಾಸಿನ, ಇಳಕಲ್ ಸೀರೆಯನ್ನು ನೀಟಾಗಿ ಉಟ್ಟ ಹೆಂಗಸು. ಬಲಗೈ ಜೋತುಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು. ಈರಪ್ಪನವರದು ಶಲವಡಿಯಲ್ಲಿ ಹಿಟ್ಟಿನ ಗಿರಣಿ. ಜೀವನವೆಲ್ಲ ಮಷೀನಿನ ಸಪ್ಪಳದಲ್ಲಿ ಕಳೆದವರಾದ್ದರಿಂದ ಕಿವಿ ಸ್ವಲ್ಪ ಮಂದ, ಮಾತು ಬಹಳ ಜೋರು. ಅವರು ಬಾಯಿ ತೆರೆದರೆ ಹೊರಗೆ ಸರದಿಯಲ್ಲಿ ಕುಳಿತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಮನೆಯವರು ಬಂದ ಕೂಡಲೇ ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಯಾವಾಗ ನಡೆಯುತ್ತಾರೆ, ಯಾವಾಗ ಅಡುಗೆ ಮಾಡುತ್ತಾರೆ, ಯಾವಾಗ ನೌಕರಿಗೆ ಹೋಗುತ್ತಾರೆ. ಈರಪ್ಪನವರು ಕೇಳಿದ್ದೇ ಬೇರೆ.

“ಮೇಡಂ, ಈಕಿ ಕಾದಂಬರಿ ಬರ್ಯಾಕಿ ಇದ್ಲರಿ. ಒಂದ ತಿಂಗಳದಾಗ. ಎಲ್ಲಾ ತಯಾರಿ ಆಗಿತ್ರಿ. ಇನ್ನ ಯಾವಾಗ ಬರೀಬಹುದರಿ?”

ಗಿರಿಜಾ ಟೀಚರ್ ತಲೆ ತಗ್ಗಿಸಿ “ಅದಕ್ಕ” ಎಂದರು. ಆ ಹೊತ್ತಿಗೆ ಅವರಲ್ಲಿ ಉಳಿದಿದ್ದ ಮಾತು ಅದೊಂದೇ. ನೀರು ಬೇಕೆಂದರೂ ಅದಕ್ಕ, ನೋವಾದರೂ ಅದಕ್ಕ, ನಮಸ್ಕಾರಕ್ಕೂ ಅದಕ್ಕ. ಅಫೇಸಿಯಾ ಆದ ಕೆಲವರಲ್ಲಿ ಹೀಗೆ ಒಂದೇ ಶಬ್ದ ಉಳಿದು, ಹೇಳಬೇಕೆಂದಾಗಲೆಲ್ಲ ಅದೇ ಹೊರಗೆ ಬೀಳುತ್ತದೆ. ತಾವು ಹೇಳಬೇಕಾದದ್ದು ಅದಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ನೋಡುವವರಿಗೆ ಕಷ್ಟವಾಗುವುದು ಅದೇ.

ಹಿಂದಿನ ವಿಷಯವನ್ನೆಲ್ಲ ಈರಪ್ಪನವರೇ ಹೇಳಿದರು. ಟೀಚರ್ ಊರಿನ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಪತ್ರಿಕೆಗಳಿಗೆ ಆಗೀಗ ಸಣ್ಣಪುಟ್ಟ ಬರಹ ಕಳಿಸುತ್ತಿದ್ದರು. ಕಾದಂಬರಿ ಬರೆಯಬೇಕೆಂದು ಹಲವು ಸಲ ಕುಳಿತು, ಬರೆದದ್ದನ್ನೇ ತಿದ್ದುತ್ತ ತಿದ್ದುತ್ತ ಮೂರನೆಯ ಅಧ್ಯಾಯ ದಾಟದೆ ಬಿಟ್ಟಿದ್ದರು. ಆ ವರ್ಷ ಒಂದು ನಿರ್ಧಾರ ಮಾಡಿದರು. ಬೇಸಿಗೆ ರಜೆಯ ಮೇ ತಿಂಗಳು ಪೂರ್ತಿ ಬರೆಯುವುದು, ಹಿಂದೆ ತಿರುಗಿ ನೋಡದೆ ಮೊದಲ ಕರಡು ಮುಗಿಸುವುದು, ತಿದ್ದುವುದೆಲ್ಲ ಆಮೇಲೆ. ಬರೆಯುತ್ತ ಕುಳಿತಾಗ ಯೋಚಿಸಲು ನಿಲ್ಲಬಾರದೆಂದು ಚಳಿಗಾಲದಿಂದಲೇ ತಯಾರಿ ನಡೆಸಿದರು. ದಿನಾ ಸಂಜೆ ಗಿರಣಿ ಬಂದ್ ಆದ ಮೇಲೆ ಗಂಡಹೆಂಡತಿ ಎರೆಹೊಲದ ದಾರಿಯಲ್ಲಿ ನಡೆಯುತ್ತ ಹೋಗುವುದು, ಟೀಚರ್ ಕಥೆ ಹೇಳುವುದು, ಈರಪ್ಪನವರು ಕೇಳುವುದು. ಇವರ ಕಿವಿ ಮಂದವಾದ್ದರಿಂದ ಆಕೆ ಗಟ್ಟಿಯಾಗಿ ಹೇಳಬೇಕಾಗುತ್ತಿತ್ತು. “ಬಾಜೂ ಹೊಲದಾಗ ಕಡ್ಲಿ ಕೀಳೋರೂ ನಿಂತ ಕೇಳ್ತಿದ್ರರಿ” ಎಂದು ಈರಪ್ಪನವರು ನಕ್ಕರು.

ಏಪ್ರಿಲ್‌ನಲ್ಲಿ ಮನೆಯ ತಯಾರಿ ಶುರುವಾಯಿತು. ಮೇ ತಿಂಗಳಲ್ಲಿ ಒಲೆಯ ಮುಂದೆ ನಿಲ್ಲಬಾರದೆಂದು ಖಡಕ್ ರೊಟ್ಟಿ ಬಡಿದು ಒಣಗಿಸಿ ಬುಟ್ಟಿಗಟ್ಟಲೆ ಇಟ್ಟರು. ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಡಬ್ಬಿ ತುಂಬಿದರು. ಬೀಗರಿಗೆಲ್ಲ ಫೋನ್ ಮಾಡಿ ಈ ರಜೆಯಲ್ಲಿ ಯಾರೂ ಬರಬೇಡಿರೆಂದು ಹೇಳಿದರು. ಒಬ್ಬಳೇ ಮಗಳು ಸುಜಾತಾಳನ್ನು ಕಲಘಟಗಿ ಕಡೆಯ ತಂಬೂರ ಎಂಬ ಹಳ್ಳಿಗೆ ಕೊಟ್ಟಿದ್ದರು, ಆಕೆಗೂ ಬರಬೇಡವೆಂದರಂತೆ. ಏಪ್ರಿಲ್ ಕೊನೆಯ ವಾರ ಶೇಂಗಾ ಚಟ್ನಿ ಕುಟ್ಟುತ್ತಿದ್ದಾಗ ಕೈಯಿಂದ ಕುಟ್ಟುವ ಹಾರೆ ಜಾರಿತು. ಅಲ್ಲೇ ಪಕ್ಕಕ್ಕೆ ವಾಲಿದರು. ಹುಬ್ಬಳ್ಳಿ ಮುಟ್ಟಿಸುವುದು ತಡವಾಯಿತು.

“ಆ ರೊಟ್ಟಿ ಎಲ್ಲಾ ಈಕೀನ್ನ ನೋಡಾಕ ಬಂದ ಮಂದಿ ತಿಂದ್ರರಿ” ಎಂದರು ಈರಪ್ಪನವರು. ಈ ಸಲ ಅವರ ಧ್ವನಿ ಸಣ್ಣದಾಗಿತ್ತು.

ನಾನು ಅವರಿಗೆ ಕಾಯಿಲೆಯನ್ನು ಬಿಡಿಸಿ ಹೇಳಲು ಹೊರಟೆ. ಅರ್ಧಕ್ಕೇ ಅವರು ತಿಳಿದುಕೊಂಡು, “ಅಂದ್ರ ಮಷೀನ್ ಒಳಗ ಜ್ವಾಳ ಐತ್ರಿ, ಬೆಲ್ಟ್ ಕಡದೈತಿ. ಹೌದಿಲ್ರಿ?” ಎಂದರು. ಹೌದು ಎಂದೆ. ಹೊಸ ಬೆಲ್ಟ್ ಸಿಗುವುದಿಲ್ಲ, ಹಳೆಯದನ್ನೇ ಗಂಟು ಹಾಕಿ ತಿರುಗಿಸಬೇಕು, ಎಷ್ಟು ತಿರುಗುತ್ತದೆಂದು ಹೇಳಲಾರೆ ಎಂದೂ ಹೇಳಿದೆ.

ಮೊದಲ ಕೆಲವು ವಾರ ಏನೂ ಆಗಲಿಲ್ಲ. ನಮ್ಮ ಪದ್ಧತಿಯಂತೆ ಚಿತ್ರದ ಕಾರ್ಡು ತೋರಿಸುತ್ತಿದ್ದೆ: ಬಟ್ಟಲು, ಬಾಚಣಿಗೆ, ಆಕಳು. ಟೀಚರ್ ಒಮ್ಮೆ ನೋಡಿ ಮುಖ ಆಚೆ ತಿರುಗಿಸುತ್ತಿದ್ದರು. ಇಂಥವೇ ಚಿತ್ರಗಳನ್ನು ಒಂದನೆಯ ಇಯತ್ತೆಯ ಮಕ್ಕಳಿಗೆ ತೋರಿಸುತ್ತ ನೌಕರಿ ಮಾಡಿದವರು ಅವರು. ಮನೆಯವರ ಹೆಸರು ಹೇಳಿಸುವ ಅಭ್ಯಾಸ ಮಾಡಿಸಹೋದರೆ ಈರಪ್ಪನವರೇ ತಡೆದರು. “ನನ್ನ ಹೆಸರ ಬಿಡ್ರಿ ಮೇಡಂ. ಆಕಿ ಮೊದಲೂ ಹೇಳ್ತಿದ್ದಿಲ್ಲ” ಎಂದರು. ಆವತ್ತು ಟೀಚರ್ ಮುಖದಲ್ಲಿ ನಗು ಕಂಡೆ. ಬಲಗಡೆ ತುಟಿ ಏಳದ, ಅರ್ಧ ನಗು.

ಮಳೆಗಾಲ ಮುಗಿಯುವ ಹೊತ್ತಿಗೆ ಈರಪ್ಪನವರು ಒಂದು ಕೈಚೀಲ ತಂದರು. ಒಳಗೆ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿದ ಚೀಟಿಗಳಿದ್ದವು. ಅಧ್ಯಾಯಕ್ಕೊಂದು ಚೀಟಿ, ಚೀಟಿಗೊಂದೇ ಶಬ್ದ. ಕೊಡ, ಬಸ್ಸು, ಬಳೆ, ಖಾನಾವಳಿ, ಹೀಗೆ. ಟೀಚರ್ ಇವನ್ನು ಒಳಮನೆಯಲ್ಲಿ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ ಹಾಕಿ ಸಾಲಾಗಿ ತೂಗುಬಿಟ್ಟಿದ್ದರು. ಉಳಿದದ್ದೆಲ್ಲ ತಲೆಯಲ್ಲೇ ಇತ್ತಾದ್ದರಿಂದ ಅವರಿಗೆ ಅಷ್ಟೇ ಸಾಕಾಗಿತ್ತು. ಬೇರೆಯವರಿಗೆ ಅದರಿಂದ ಏನೂ ತಿಳಿಯುವಂತಿರಲಿಲ್ಲ. ಈರಪ್ಪನವರು ‘ಕೊಡ’ ಎಂಬ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ತಮ್ಮ ದೊಡ್ಡ ದನಿಯಲ್ಲಿ ಹೇಳತೊಡಗಿದರು.

“ಫಕೀರವ್ವ ಅಂತ ಒಬ್ಬಾಕಿ ಇದ್ಲರಿ. ಯಮನೂರ ದರ್ಗಾಕ್ಕ ಹರಕಿ ಹೊತ್ತ ಹುಟ್ಟಿದಾಕಿ, ಅದಕ್ಕ ಆ ಹೆಸರು. ಒಂದಿನ ಮುಂಜಾನೆ ಕೊಡಾ ತಗೊಂಡ ಕೆರಿಗೆ ಹ್ವಾದ್ಲು…”

ಟೀಚರ್ ಎಡಗೈಯಿಂದ ಮೇಜು ಗುದ್ದಿದರು. ಮುಖ ಕೆಂಪಾಯಿತು. ತುಟಿ ಅದುರಿತು. ಬಹಳ ಹೊತ್ತಾದ ಮೇಲೆ, “ಸಂ… ಸಂಜಿ” ಎಂದರು.

‘ಅದಕ್ಕ’ ಬಿಟ್ಟರೆ ಅದು ಅವರ ಮೊದಲ ಮಾತು. ಈರಪ್ಪನವರು ಹಣೆ ಚಚ್ಚಿಕೊಂಡು, “ಹೌದಲ್ಲಾ! ಸಂಜೀಕ. ಎಲ್ಲಾರಿಗೂ ಅಡಗಿ ಮಾಡಿಟ್ಟ ಹೋಗ್ಯಾಳಂತ ಹೇಳಿದ್ದಿ. ನಾ ಮರ್ತ ಬಿಟ್ಟಿದ್ದೆ” ಎಂದು ಹೆಂಡತಿಯ ಕೈ ಹಿಡಿದುಕೊಂಡರು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಅಂದಿನಿಂದ ಆಕಳು ಬಟ್ಟಲಿನ ಕಾರ್ಡುಗಳನ್ನು ಕಪಾಟಿಗೆ ಹಾಕಿದೆ. ನಮ್ಮ ಪಾಠವೆಲ್ಲ ಆ ಚೀಟಿಗಳಿಂದಲೇ ನಡೆಯಿತು. ಗುರುವಾರ ನವಲಗುಂದದ ಕೆಲಸ ಮುಗಿಸಿ ಹಲವು ಸಲ ನಾನೇ ಶಲವಡಿಗೆ ಹೋಗಿ ಅವರ ಮನೆಯಲ್ಲಿ ಕೂರುತ್ತಿದ್ದೆ. ಈರಪ್ಪನವರು ಗಿರಣಿಯಿಂದ ಹಿಟ್ಟು ಬಡಿದ ಮೈಯಲ್ಲೇ ಬಂದು ಕಥೆ ಹೇಳುವರು, ತಪ್ಪಿದಲ್ಲಿ ಟೀಚರ್ ‘ಅಲ್ಲ’ ಎನ್ನುವರು. ‘ಅಲ್ಲ’ ಎಂಬ ಶಬ್ದ ಗಟ್ಟಿಯಾಯಿತು. ಅದರ ಬೆನ್ನಿಗೆ ಬೇರೆ ಶಬ್ದಗಳು ಬಂದವು. ಈರಪ್ಪನವರು ಬಹಳ ತಪ್ಪುತ್ತಿದ್ದರು. ಟೀಚರ್ ಬಾಯಿಗೆ ಶಬ್ದ ಬಂದದ್ದೇ ಆ ತಪ್ಪುಗಳಿಂದ. ಎಲ್ಲವನ್ನೂ ಸರಿಯಾಗಿ ಹೇಳುವ ಗಂಡನಾಗಿದ್ದರೆ ಟೀಚರ್ ಬಾಯಿ ತೆರೆಯುತ್ತಿದ್ದರೋ ಇಲ್ಲವೋ.

ಕಥೆ ಇಷ್ಟು. ನಲವತ್ತು ದಾಟಿದ ಫಕೀರವ್ವ ಕೆರೆಯ ಮೆಟ್ಟಿಲ ಮೇಲೆ ತುಂಬಿದ ಕೊಡ ಇಟ್ಟು, ರಸ್ತೆಗೆ ಬಂದು, ಸಿಕ್ಕ ಬಸ್ಸು ಹತ್ತುತ್ತಾಳೆ. ಕುಂದಗೋಳದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ ಬೇರೆ ಜೀವನ ಕಟ್ಟುತ್ತಾಳೆ. ಕೊನೆಗೆ ಏನಾಗುತ್ತದೆಂಬುದು ಈರಪ್ಪನವರಿಗೂ ತಿಳಿದಿರಲಿಲ್ಲ. ಅದನ್ನು ಬರೆದ ಮೇಲೆಯೇ ಓದಬೇಕೆಂದು ಟೀಚರ್ ಮುಚ್ಚಿಟ್ಟಿದ್ದರು. ಈಗ ಬರೆಯುವ ಕೈ ಇರಲಿಲ್ಲ. ಹಾಗಾಗಿ ಒಂದು ದಿನ ಈರಪ್ಪನವರು ಊಹಿಸುತ್ತ ಹೋದರು.

“ಮಗಳ ಲಗ್ನಕ್ಕ ಮನಿಗೆ ಬರ್ತಾಳು?”

“ಅಲ್ಲ.”

“ಗಂಡಗ ಆರಾಮಿಲ್ಲಂತ ಸುದ್ದಿ ಬಂದ ಮ್ಯಾಲೆ ಬರ್ತಾಳು?”

“ಅಲ್ಲ.”

ಅವರು ಬೇರೆ ಬೇರೆ ಕಾರಣ ಹುಡುಕಿ ಫಕೀರವ್ವಳನ್ನು ಮನೆಗೆ ಕರೆತರುತ್ತಲೇ ಇದ್ದರು. ಅಫೇಸಿಯಾ ಇದ್ದವರನ್ನು ಕೇಳುವಾಗ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬೇಕು. ಹೌದು ಅಲ್ಲ ಎರಡೂ ಅದಲುಬದಲಾಗುವುದುಂಟು. ಅದಕ್ಕೆ ನಾನು ಕೇಳಿದೆ, “ಆಕಿ ಬರೂದಽ ಇಲ್ಲೇನ್ರಿ ಟೀಚರ್?”

ಟೀಚರ್ “ಹೌದು” ಎಂದರು.

ಈರಪ್ಪನವರು ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟರು. ಕಥೆಯಲ್ಲಿ ಬಂದದ್ದು ಅವರಿಗೆ ನಿಜವಾಗಿಯೇ ನೋವು ಮಾಡಿದಂತಿತ್ತು. “ಅಷ್ಟ್ಯಾಕ ಸಿಟ್ಟು? ಗಂಡ ಆಕೀಗೆ ಹೊಡೀತಿದ್ದಿಲ್ಲ, ಕುಡೀತಿದ್ದಿಲ್ಲ” ಎಂದರು.

ಟೀಚರ್ ಬಹಳ ಹುಡುಕಿದರು. ಕಣ್ಣು ಮುಚ್ಚಿದರು, ಎಡಗೈ ಬೆರಳಿನಿಂದ ಗಾಳಿಯಲ್ಲಿ ಏನೋ ಗೀಚಿದರು. ಕಡೆಗೆ ಎರಡು ತುಂಡಾಗಿ ಬಂತು: “ಸಾಕ… ಆತು.”

ಈರಪ್ಪನವರು ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತು, ಆಮೇಲೆ, “ಸಾಕಾತಂದ್ರ ಸಾಕಾತು. ಬರೂದು ಬ್ಯಾಡ ಆಕಿ. ಹಂಗಽ ಬರಿಯೂಣು” ಎಂದರು.

‘ಬರಿಯೂಣು’ ಎಂದು ಅವರು ಅಂದದ್ದು ಆಗಲೇ. ಅವರಿಗೆ ಬರೆಯುವುದೆಂದರೆ ಸಹಿ ಹಾಕುವುದು, ಹಿಟ್ಟಿನ ಡಬ್ಬಿಯ ಮೇಲೆ ಹೆಸರು ಗೀಚುವುದು, ಅಷ್ಟೇ. ಆದರೂ ಅವರೇ ಎಲ್ಲ ಯೋಜನೆ ಹಾಕಿದರು. ಬರುವ ಮೇ ತಿಂಗಳಲ್ಲಿ ಬರೆಯುವುದು. ಈರಪ್ಪನವರು ಹೇಳುವುದು, ಟೀಚರ್ ತಿದ್ದುವುದು, ಫೋನಿನಲ್ಲಿ ರೆಕಾರ್ಡ್ ಮಾಡುವುದು, ಅದನ್ನು ಕೇಳಿ ಸುಜಾತಾ ಬರೆದಿಡುವುದು. ನನ್ನ ಪಾಲಿಗೆ ಬಂದದ್ದು ಟೀಚರ್ ದಣಿಯದಂತೆ ನೋಡುವುದು. ಮಿದುಳಿಗೆ ಪೆಟ್ಟಾದವರಿಗೆ ಮಾತು ಎಂದರೆ ಹೊಲದ ಕೆಲಸದಷ್ಟು ದಣಿವು. ಮುಂಜಾನೆ ಮನಸ್ಸು ಹಗುರಾಗಿದ್ದಾಗ ಒಂದು ಹೊತ್ತು, ಊಟವಾಗಿ ಮಲಗಿ ಎದ್ದ ಮೇಲೆ ಒಂದು ಹೊತ್ತು, ನಡುವೆ ಯಾರೂ ಬಾಗಿಲು ಬಡಿಯಬಾರದು ಎಂದೆ. ಸುಜಾತಾ ಬಂದು ಮತ್ತೆ ಖಡಕ್ ರೊಟ್ಟಿ ಬಡಿದಳು. ಟೀಚರ್ ಪಕ್ಕದಲ್ಲಿ ಕುಳಿತು ಒಂದೊಂದನ್ನೂ ಮುಟ್ಟಿ ನೋಡಿ, ಒಣಗಿರದಿದ್ದರೆ “ಅಲ್ಲ” ಎಂದು ಬಿಸಿಲಿಗೆ ವಾಪಸ್ ಕಳಿಸುತ್ತಿದ್ದರು.

ಯುಗಾದಿ ಆದ ಮೇಲೆ ಮೊದಲ ಅಧ್ಯಾಯವನ್ನು ಪರೀಕ್ಷೆಗೆಂದು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಟೀಚರ್ ಆಗ ಎರಡು ಮೂರು ಶಬ್ದ ಜೋಡಿಸಿ ಮಾತಾಡುತ್ತಿದ್ದರು. ನನ್ನ ನೌಕರಿಯಲ್ಲಿ ಇಷ್ಟು ತಡವಾಗಿ ಇಷ್ಟು ಚೇತರಿಸಿದವರನ್ನು ಬಹಳ ಕಂಡಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಗುರುವಾರ ಹೋದಾಗ ಗಿರಣಿಯ ತಗಡಿನ ಬಾಗಿಲ ಮೇಲೆ ಈರಪ್ಪನವರು ಸೀಮೆಸುಣ್ಣದಿಂದ ದೊಡ್ಡದಾಗಿ ಬರೆಯುತ್ತಿದ್ದರು. “ಮೇ ಒಂದು ತಿಂಗಳು ಗಿರಣಿ ಬಂದ್. ಕಾದಂಬಾರಿ ಬರಿಯುದೈತಿ.” ಟೀಚರ್ ಕಟ್ಟೆಯ ಮೇಲೆ ಕುಳಿತು ಊರುಗೋಲಿನಿಂದ ‘ಬಾ’ ಎಂಬಲ್ಲಿ ಕುಟ್ಟಿ ಕುಟ್ಟಿ ತೋರಿಸುತ್ತಿದ್ದರು. ಈರಪ್ಪನವರು ದೀರ್ಘವನ್ನು ಅಂಗೈಯಿಂದ ಒರೆಸಿದರು. ಜೋಳದ ಬುಟ್ಟಿ ಹೊತ್ತು ಬಂದ ಒಬ್ಬ ಅಜ್ಜಿ, “ಏನಂತೋ ಈರಪ್ಪ, ಗಿರಣಿ ಬಂದ್ ಮಾಡಿ ನಮಗ ಕಾದಂಬರಿ ತಿನಸ್ತಿಯೇನ?” ಎಂದಳು. ಈರಪ್ಪನವರು, “ಒಂದ ತಿಂಗಳ ಬ್ಯಾರೆ ಗಿರಣಿಗೆ ಹೋಗಬೇ ಯಮ್ಮಾ. ನಮ್ಮ ಟೀಚರ್‌ದು ಅರ್ಜಂಟ್ ಕೆಲಸ ಐತಿ” ಎಂದರು. ಟೀಚರ್ ನಕ್ಕರು. ಅವರಿಬ್ಬರನ್ನೂ ಒಟ್ಟಿಗೆ ನಾನು ನೋಡಿದ್ದು ಅದೇ ಕೊನೆ.

ಮುಂದಿನ ವಾರ ಸುಜಾತಾಳ ಫೋನ್ ಬಂತು. ಒಂದು ತಿಂಗಳು ನಿಲ್ಲಿಸುತ್ತೇವಲ್ಲ, ಮಷೀನಿಗೆ ಎಣ್ಣೆ ಬಿಟ್ಟು ಬೆಲ್ಟ್ ಬಿಚ್ಚಿಡೋಣವೆಂದು ಈರಪ್ಪನವರು ಮುಂಜಾನೆ ಗಿರಣಿಗೆ ಹೋಗಿದ್ದರು. ಚಹಾಕ್ಕೆ ಬರಲಿಲ್ಲವೆಂದು ಸುಜಾತಾ ಕರೆಯಲು ಹೋದರೆ ಮಷೀನಿಗೆ ಒರಗಿ ಕುಳಿತಿದ್ದರಂತೆ. ಹೃದಯ ನಿಂತಿತ್ತು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅಷ್ಟು ದಿನ ನಾವೆಲ್ಲ ಎಚ್ಚರದಿಂದ ಬಿ.ಪಿ. ನೋಡಿದ್ದು, ಗುಳಿಗೆ ನುಂಗಿಸಿದ್ದು ಟೀಚರ್‌ಗೆ.

ನಾನು ಹೋದಾಗ ಮಣ್ಣು ಕೊಡುವುದು ಮುಗಿದಿತ್ತು. ಗಿರಣಿಯ ಬಾಗಿಲ ಮೇಲೆ ಅಕ್ಷರ ಹಾಗೇ ಇದ್ದವು. ಬಂದ ಮಂದಿ ಅದನ್ನು ಓದಿ ಮನೆಯ ಒಳಗೆ ಬರುತ್ತಿದ್ದರು. ಟೀಚರ್ ಗೋಡೆಗೆ ಒರಗಿ ಕುಳಿತಿದ್ದರು. ಹೆಂಗಸರು ಮೈಮೇಲೆ ಬಿದ್ದು ಅತ್ತರೂ ಅವರಿಂದ ಒಂದು ಶಬ್ದ ಬರಲಿಲ್ಲ. ‘ಅದಕ್ಕ’ ಎಂಬುದೂ ಇಲ್ಲ. “ಅವ್ವ ಒಮ್ಮಿ ಅತ್ತಬಿಟ್ರ ಛಲೋ ಆಗ್ತಿತ್ರಿ ಮೇಡಂ” ಎಂದು ಸುಜಾತಾ ನನ್ನ ಹೆಗಲಿಗೆ ತಲೆಯಿಟ್ಟು ತಾನೇ ಅತ್ತಳು.

ಮೇ ತಿಂಗಳು ಹಾಗೇ ಕಳೆಯಿತು. ನಾನು ಗುರುವಾರ ಹೋಗುವುದನ್ನು ಬಿಡಲಿಲ್ಲ. ಸುಜಾತಾ ತಾಯಿಯ ಹತ್ತಿರವೇ ಉಳಿದಿದ್ದಳು. ಅಪ್ಪನ ಕೆಲಸ ತಾನು ಮಾಡುತ್ತೇನೆಂದು ಹೊರಟಳು. “ಅವ್ವಾ, ಇದು ಬಸ್ಸು. ಬಸ್ಸಿನ್ಯಾಗ ಏನ ಆಗ್ತೈತಿ ಹೇಳ್ವಾ” ಎಂದು ಚೀಟಿ ಹಿಡಿದು ಕೇಳುತ್ತಿದ್ದಳು. ಆದರೆ ಆಕೆ ಕಥೆಯನ್ನು ಎಂದೂ ಕೇಳಿರಲಿಲ್ಲ. ತಪ್ಪು ಹೇಳಲಾದರೂ ಸ್ವಲ್ಪ ತಿಳಿದಿರಬೇಕಲ್ಲ. ಪೂರ್ತಿ ಕಥೆ ಒಳಗೆ ಇಟ್ಟುಕೊಂಡು ಟೀಚರ್ ಮಗಳ ಮುಖ ನೋಡುವರು, ಬಾಯಿ ಸ್ವಲ್ಪ ತೆರೆಯುವರು, ಮತ್ತೆ ಮುಚ್ಚುವರು.

ಜುಲೈನಲ್ಲಿ ಒಂದು ದಿನ ಅವರೇ ನನ್ನ ಚೀಲದ ಕಡೆ ಬೆರಳು ತೋರಿಸಿ, “ಫೋನ್… ಹಚ್ಚ” ಎಂದರು. ಏನು ಬೇಕೆಂದು ತಿಳಿಯಿತು. ನಿಜವಾಗಿ ಬೇಕೇ ಎಂದು ಎರಡು ರೀತಿ ತಿರುಗಿಸಿ ಕೇಳಿದೆ. ಬೇಕೆಂದರು. ಆ ಮೊದಲ ಅಧ್ಯಾಯದ ರೆಕಾರ್ಡ್ ಹಚ್ಚಿದೆ.

ಈರಪ್ಪನವರ ಜೋರು ಧ್ವನಿ ಮನೆಯ ತುಂಬ ಬಂತು. “ಸಂಜೀ ಆಗಿತ್ತು. ಫಕೀರವ್ವ ಹಿತ್ತಾಳಿ ಕೊಡಾ ತಗೊಂಡು…”

“ಅಲ್ಲ” ಎಂದರು ಟೀಚರ್, ನನ್ನ ಎದುರು ಕುಳಿತು. “ತಾಮ್ರ.”

ಅವರ ಮಾತಿನ ಹಿಂದೆಯೇ ಫೋನಿನಿಂದ ಅವರದೇ ಧ್ವನಿ ಬಂತು: “ಅಲ್ಲ. ತಾಮ್ರ.”

“ಹಾಂ, ತಾಮ್ರದ್ದು. ತಡಿ, ಮತ್ತ ಹೇಳ್ತೇನಿ” ಎಂದರು ಈರಪ್ಪನವರು.

ಟೀಚರ್ ತಲೆಯಾಡಿಸಿ ಕಾದರು. ಫೋನಿನಲ್ಲಿ ಈರಪ್ಪನವರು ಮತ್ತೆ ಮೊದಲಿನಿಂದ ಹೇಳಿದರು. ಸುಜಾತಾ ಎದ್ದು ಹಿತ್ತಲಿಗೆ ಹೋದಳು. ಅಧ್ಯಾಯ ಮುಗಿಯುವವರೆಗೆ ತಪ್ಪು ಬಂದಲ್ಲೆಲ್ಲ ಟೀಚರ್ ತಿದ್ದಿದರು, ಪ್ರತಿ ಸಲವೂ ಗಂಡನ ಉತ್ತರ ಬಂತು. ಕೊನೆಗೆ ನಾನು ಅಂದು ಆಡಿದ “ಭಾಳ ಛಂದ ಆತ್ರಿ” ಎಂಬ ಮಾತು ಕೇಳಿ ರೆಕಾರ್ಡ್ ನಿಂತಿತು.

ನಾನು ಹೇಳಿದೆ, “ಟೀಚರ್, ನಾವು ಬರಿಯೂಣ್ರಿ. ತಿಂಗಳದಾಗ ಮುಗಿಬೇಕಂತಿಲ್ಲ. ನಾ ಬಂದ ಕುಂಡರ್ತೇನಿ, ಸುಜಾತಾ ಬರೀತಾಳ. ಒಂದೊಂದ ಶಬ್ದ ಆದ್ರೂ ಅಡ್ಡಿಯಿಲ್ಲ.”

ಅವರು ನನ್ನನ್ನು ನೋಡಿದರು. ಕಣ್ಣು ಮುಚ್ಚಲಿಲ್ಲ, ಗಾಳಿಯಲ್ಲಿ ಗೀಚಲಿಲ್ಲ. ಒಂದೊಂದೇ ಶಬ್ದ ಇಟ್ಟು ಹೇಳಿದರು.

“ಕೇಳಾಕ… ಯಾರ… ಅದಾರ?”

ಶಬ್ದಗಳ ಕ್ರಮ ಸರಿಯಿತ್ತು. ಪ್ರಶ್ನೆಯ ಏರುದನಿ ಸರಿಯಿತ್ತು. ಯಾರೂ ಎತ್ತಿಕೊಡದೆ ಅವರು ಆಡಿದ ಮೊದಲ ಪೂರ್ತಿ ವಾಕ್ಯ ಅದು. ನಾನು ಒಂದು ವರ್ಷದಿಂದ ಕಾದದ್ದು ಇಂಥ ಒಂದು ವಾಕ್ಯಕ್ಕಾಗಿಯೇ.

“ನಾ ಅದೇನಲ್ರಿ. ಸುಜಾತಾ ಅದಾಳಲ್ರಿ” ಎಂದೆ. ಅವರು ಎಡಗೈಯಿಂದ ನನ್ನ ಕೈ ಸವರಿದರು. ಸಣ್ಣ ಮಕ್ಕಳನ್ನು ಸಮಾಧಾನ ಮಾಡುವಾಗ ಸವರುತ್ತಾರಲ್ಲ, ಹಾಗೆ. “ಹೌದು” ಎಂದರು. ಆಮೇಲೆ ಹಿತ್ತಲ ಕಡೆ ಮುಖ ಮಾಡಿ, “ಸುಜಿ, ಚಾ” ಎಂದು ಕೂಗಿದರು. ನನಗೆ ಚಹಾ ಕೊಡಬೇಕಿತ್ತು. ಮನೆಗೆ ಬಂದವಳು ನಾನು.

ಕಾದಂಬರಿ ಬರೆಯಲಾಗಲಿಲ್ಲ. ಆ ವರ್ಷ ದೀಪಾವಳಿಗೆ ಮೊದಲು ಟೀಚರ್ ಮಗಳೊಂದಿಗೆ ತಂಬೂರಿಗೆ ಹೋದರು. ಈಗಲೂ ಅಲ್ಲೇ ಇದ್ದಾರೆ. ಊಟ ಬೇಕು ಬೇಡ ಹೇಳುತ್ತಾರೆ, ಮೊಮ್ಮಗಳು ಅಕ್ಷರ ತಪ್ಪಿ ಬರೆದರೆ ಗದರುತ್ತಾರೆ ಎಂದು ಸುಜಾತಾ ಫೋನಿನಲ್ಲಿ ಹೇಳುತ್ತಾಳೆ. ಕಥೆಯ ಮಾತು ಯಾರೂ ತೆಗೆಯುವುದಿಲ್ಲವಂತೆ. ಆ ಗುರುವಾರದ ವರದಿಯಲ್ಲಿ ನಾನು ‘ಸ್ವತಂತ್ರವಾಗಿ ಮೂರು ಶಬ್ದದ ಪ್ರಶ್ನಾವಾಕ್ಯ, ಉತ್ತಮ ಪ್ರಗತಿ’ ಎಂದು ಬರೆದೆ. ನಮ್ಮ ವರದಿಯಲ್ಲಿ ಹಾಗೆಯೇ ಬರೆಯಬೇಕು. ಬರೆದು ಸಹಿ ಮಾಡಿ, ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕುಳಿತಿದ್ದೆ.

ಅಲ್ಲಿಯವರೆಗೆ ಹೊಸ ರೋಗಿ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು ಏನೇನು ಹೇಳಲು ಬರುತ್ತದೆ, ಏನೇನು ಹೇಳಲು ಬರುವುದಿಲ್ಲ ಎಂದು. ಮಾತು ಕಳೆದುಕೊಂಡವರ ಬಾಯಲ್ಲಿ, ಅವರ ಮಿದುಳಿನಲ್ಲಿ ಮಾತನ್ನು ಹುಡುಕುವುದು ನಾವು ಕಲಿತ ವಿದ್ಯೆ. ಆದರೆ ಒಬ್ಬರ ಮಾತಿನಲ್ಲಿ ಅರ್ಧ ಕೇಳುವವರ ಕಡೆಗೂ ಇರುತ್ತದೆಂದು, ಆ ಅರ್ಧ ಹೋದರೆ ನಮ್ಮಲ್ಲಿ ಅದಕ್ಕೆ ಚಿಕಿತ್ಸೆಯಿಲ್ಲವೆಂದು ಶಲವಡಿಯಲ್ಲಿ ತಿಳಿಯಿತು. ನಿವೃತ್ತಿಯಾಗುವವರೆಗಿನ ಉಳಿದ ದಿನಗಳಲ್ಲಿ, ಬಂದವರನ್ನು ಕೂರಿಸಿ ನೀರು ಕೊಟ್ಟ ಮೇಲೆ ಮನೆಯವರಿಗೆ ನಾನು ಹಾಕುತ್ತಿದ್ದ ಮೊದಲ ಪ್ರಶ್ನೆ ಬೇರೆಯಾಯಿತು. “ಇವರು ದಿನಾ ಯಾರ ಜೋಡಿ ಮಾತಾಡ್ತಿದ್ರು? ಅವರನ್ನ ಕರಕೊಂಡ ಬರ್ರಿ” ಎನ್ನುತ್ತಿದ್ದೆ. ಬಂದರೆ, ಅವರ ಬಿ.ಪಿ.ಯನ್ನೂ ನೋಡಲು ನರ್ಸಿಗೆ ಹೇಳುತ್ತಿದ್ದೆ.